ಸೋವಲೆಯ ಸಾಲು

ಯಾರ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಕಂಚಿಕೋಟೆ ಎಂಬ ರಾಜ್ಯವಿತ್ತು. ಅದರ ಸುತ್ತ ಮಂಜುತೋಳಗಳಿದ್ದವು. ಅವು ಮುಟ್ಟಿದವರು ಮಂಜಾಗಿ ಕರಗಿಹೋಗುತ್ತಿದ್ದರು. ಆದರೆ ಕೋಟೆಯಲ್ಲಿ ಒಂದು ಕಂಚಿನ ಆನೆಯಿತ್ತು. ದಿನವೂ ಹೊತ್ತು ಇಳಿಯುವಾಗ ಅದು ಕೋಟೆಯನ್ನು ಒಂದು ಸುತ್ತು ಬರುತ್ತಿತ್ತು. ಅದರ ಹೆಜ್ಜೆ ಬಿದ್ದ ಗೆರೆಯನ್ನು ಮರುದಿನ ಸಂಜೆಯವರೆಗೆ ತೋಳಗಳು ದಾಟುತ್ತಿರಲಿಲ್ಲ.

ಆನೆ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಜಕ್ಕಲೆ ಎಂಬ ಹೆಂಗಸು ತಾಳೆಗರಿಗಳ ಮೇಲೆ ಬರೆದಿದ್ದಳು. ಬರೆದದ್ದು ನಡುನುಡಿಯಲ್ಲಿ. ಅದು ಮನುಷ್ಯರ ಮಾತಲ್ಲ, ಲೋಹದ ಮಾತೂ ಅಲ್ಲ, ಎರಡರ ನಡುವಿನದು. ಅದನ್ನು ಆನೆಗೆ ತಿಳಿಸಲು ಅದರ ಕುತ್ತಿಗೆಯ ಮೇಲೆ ಒಂದು ಗೊರವಂಕ ಕೂರುತ್ತಿತ್ತು. ಹಕ್ಕಿ ಒಂದು ಸಾಲು ಓದುವುದು, ಸುತ್ತ ನೋಡುವುದು, ಲೋಹದ ಮಾತಿನಲ್ಲಿ ಹೇಳುವುದು. ಆನೆ ಹೆಜ್ಜೆ ಇಡುವುದು. ಮತ್ತೆ ಮುಂದಿನ ಸಾಲು. ಹಕ್ಕಿ ಸುಮ್ಮನಾದರೆ ಆನೆ ಬರಿಯ ಕಂಚು.

ಆ ಹಕ್ಕಿಯನ್ನು ಕೊಡುತ್ತಿದ್ದವನು ಬೂದಿಗಣ್ಣನೆಂಬ ಮಂತ್ರವಾದಿ. ಅವನು ಅದನ್ನು ಕಾಡಿನಿಂದ ತರುತ್ತಿರಲಿಲ್ಲ. ವರ್ಷಕ್ಕೊಬ್ಬರನ್ನು ಊರಿನಿಂದಲೇ ಆರಿಸಿ, ಮುಖಕ್ಕೆ ಬೂದಿ ಊದಿ, ಗೊರವಂಕ ಮಾಡುತ್ತಿದ್ದ. ವರ್ಷ ತುಂಬಿದ ಸಂಜೆ ಹಕ್ಕಿ ಸತ್ತು ಬೀಳುತ್ತಿತ್ತು. ಆಗ ಅವನು ಇನ್ನೊಬ್ಬರನ್ನು ಒಯ್ಯುತ್ತಿದ್ದ. ತೋಳಗಳ ಭಯಕ್ಕೆ ರಾಜನೂ ಬೇಡವೆನ್ನುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವನು ಒಯ್ದದ್ದು ಜಕ್ಕಲೆಯ ಒಬ್ಬಳೇ ಮಗಳು ಸೋವಲೆಯನ್ನು.

ಸೋವಲೆ ಚಿಕ್ಕವಳಿದ್ದಾಗ ದಿನವೂ ಮೂಡಣ ಬಾಗಿಲಲ್ಲಿ ಆನೆಗಾಗಿ ಕಾಯುತ್ತಿದ್ದಳು. ಅವಳಿಗೆಂದೇ ಜಕ್ಕಲೆ ಒಂದು ಸಾಲು ಬರೆದಿದ್ದಳು: ‘ಬಾಗಿಲಲ್ಲಿ ಸೋವಲೆ ನಿಂತಿದ್ದರೆ ಮಂಡಿಯೂರು, ಬೆನ್ನ ಮೇಲೆ ಹತ್ತಿಸಿಕೋ, ಇಲ್ಲದಿದ್ದರೆ ಮುಂದೆ ನಡೆ.’ ಸೋವಲೆ ಹಕ್ಕಿಯಾದ ಮೇಲೆ ಆ ಸಾಲನ್ನು ಅವಳೇ ಓದಬೇಕಾಯಿತು. ದಿನವೂ ಬಾಗಿಲ ಕಡೆ ಕತ್ತು ಹೊರಳಿಸಿ ನೋಡಿ, “ಇಲ್ಲ” ಎನ್ನುತ್ತಿದ್ದಳು. ಕೆಳಗೆ ನಿಂತ ತಾಯಿ ಅದನ್ನು ಒಂದು ವರ್ಷ ಕೇಳಿದಳು. ಆಮೇಲೆ ಮನೆಯ ಕದ ಹಾಕಿಕೊಂಡಳು.

ಈ ವರ್ಷ ಹಕ್ಕಿಯಾಗಿದ್ದವನು ಗಾಣದ ಬಮ್ಮಯ್ಯ. ಅವನ ವರ್ಷ ತುಂಬಲು ಒಂದು ತಿಂಗಳಿರುವಾಗ ಬೂದಿಗಣ್ಣ ಮುಂದಿನ ಹೆಸರು ಹೇಳಿದ. ಅದು ಕಂಚುಗಾರ ದೇಕಯ್ಯನ ಮಗಳು ಮಲ್ಲಲೆಯ ಹೆಸರು.

ದೇಕಯ್ಯ ಬಂದು ಜಕ್ಕಲೆಯ ಕದ ತಟ್ಟಿದ.

“ಅಕ್ಕಾ, ನೀನು ಬರೆದದ್ದನ್ನು ಹಕ್ಕಿಯಿಲ್ಲದೆ ಆನೆಗೆ ತಿಳಿಸಲು ಆಗುವುದಿಲ್ಲವೇ?”

“ಆಗುತ್ತದೆ. ಗರಿಗಳನ್ನೆಲ್ಲ ಮೊದಲೇ ಲೋಹದ ಮಾತಿಗೆ ತಿರುಗಿಸಿ ಆನೆಯ ಹೊಟ್ಟೆಯೊಳಗೆ ಇಟ್ಟರೆ ಓದುವವರು ಬೇಕಿಲ್ಲ.”

“ಗೊತ್ತಿದ್ದೂ...” ಎಂದವನು ನಾಲಿಗೆ ಕಚ್ಚಿಕೊಂಡ.

“ಅವಳು ಓದುವುದನ್ನು ವರ್ಷವಿಡೀ ಕೇಳಿದ ಮೇಲೆ ಹೊಳೆಯಿತು ದೇಕಯ್ಯ. ಹೊಳೆಯುವಾಗ ಅವಳಿರಲಿಲ್ಲ. ಆಮೇಲೂ ನಾನು ಎದ್ದು ಬರಬೇಕಿತ್ತು, ಬರಲಿಲ್ಲ. ಅದು ನನ್ನ ತಪ್ಪು. ನಡೆ, ಮೇಣ ಕಾಯಿಸು.”

ಮೊದಲು ಲೋಹದ ಮಾತು ಕಲಿಯಬೇಕಿತ್ತು. ಜಕ್ಕಲೆ ಮೂರು ಸಂಜೆ ಆನೆಯ ಹೊಟ್ಟೆಯೊಳಗೆ ಕುಳಿತು ಕಂಚಿಗೆ ಕಿವಿಯಿಟ್ಟಳು. ಲೋಹವನ್ನು ನಡೆಸಲು ಮೂರೇ ಮಾತು ಸಾಕಿತ್ತು: ತಳ್ಳು, ತಡೆ, ಬಿಡು.

ಆಮೇಲೆ ತಿರುಗಿಸಬೇಕಿತ್ತು. ದೇಕಯ್ಯ ಮೇಣದಲ್ಲಿ ಒಂದು ಉರುಳೆ ಮಾಡಿದ. ಜಕ್ಕಲೆ ಸಾಲು ಸಾಲಾಗಿ ಹೇಳಿದಳು, ಅವನು ಅದರ ಮೈತುಂಬ ಮೇಣದ ಮೊಳೆ ಕೂರಿಸಿದ. ಒಂದು ಮೊಳೆ ತಳ್ಳುವುದಕ್ಕೆ, ಒಂದು ತಡೆಯುವುದಕ್ಕೆ, ಒಂದು ಬಿಡುವುದಕ್ಕೆ. ಹಕ್ಕಿ ಕಣ್ಣಿನಿಂದ ನೋಡುತ್ತಿದ್ದುದನ್ನು ಸೊಂಡಿಲು ತಡವಿ ತಿಳಿಯುವಂತೆ ಸರಳುಗಳನ್ನು ಜೋಡಿಸಿದ. ಗರಿಯ ಒಂದು ಸಾಲಿಗೆ ನಲವತ್ತು ಮೊಳೆ ಬೇಕಾಯಿತು.

“ಮೇಣದಲ್ಲಿರುವಾಗ ಏನು ಬೇಕಾದರೂ ತಿದ್ದಬಹುದು ಅಕ್ಕಾ. ಕಂಚು ಹೊಯ್ದ ಮೇಲೆ ಇಲ್ಲ. ಮತ್ತೆ ಈ ಉರುಳೆ ನಡೆಸುವುದು ಈ ಆನೆಯನ್ನು ಮಾತ್ರ. ಬೇರೆ ರಾಜ್ಯದ ಆನೆಗೆ ಇದು ಬರಿಯ ತೂಕ.”

“ಇರಲಿ.”

ಇನ್ನೂ ಒಂದು ಸಾಲು ಉಳಿದಿರುವಾಗ ಉರುಳೆ ತುಂಬಿಹೋಯಿತು. ಇದಕ್ಕಿಂತ ದೊಡ್ಡದು ಆನೆಯ ಹೊಟ್ಟೆಗೆ ಹಿಡಿಸದು. ಆಗ ಕುಲುಮೆಯ ಬಳಿ ನಿಂತಿದ್ದ ಆನೆ ಒಳಗೊಳಗೇ ಗುಂಯ್‌ಗುಟ್ಟಿತು. ಕುತ್ತಿಗೆಯ ಮೇಲಿದ್ದ ಬಮ್ಮಯ್ಯ ಅದನ್ನು ಬಿಡಿಸಿ ಹೇಳಿದ.

“ಆನೆ ಕೇಳುತ್ತಿದೆ ಅಕ್ಕಾ. ಎಂದಿಗೂ ಆಗದ್ದು ಯಾವ ಸಾಲಿನಲ್ಲಿದೆ? ಅದನ್ನು ಹೊರುವುದು ಯಾಕೆ, ತೆಗೆದುಬಿಡಿ ಎನ್ನುತ್ತಿದೆ.”

ಜಕ್ಕಲೆ ಯೋಚಿಸಿದಳು. “ತೆಂಕಣ ಹಳ್ಳ ಉಕ್ಕಿದ್ದರೆ ದಿಬ್ಬ ಹತ್ತು ಎಂಬ ಸಾಲು. ಹನ್ನೆರಡು ವರ್ಷದಿಂದ ಹಳ್ಳ ಉಕ್ಕಿಲ್ಲ.”

“ಎಂದಿಗೂ ಉಕ್ಕುವುದಿಲ್ಲವೇ ಎಂದು ಕೇಳುತ್ತಿದೆ.”

ದೇಕಯ್ಯ ಮೆಲ್ಲಗೆ ಹೇಳಿದ: “ಹನ್ನೆರಡು ವರ್ಷದ ಹಿಂದೆ ಉಕ್ಕಿದಾಗ ನನ್ನ ಅಣ್ಣ ಕೊಚ್ಚಿಹೋದ, ಅಕ್ಕಾ.”

ಜಕ್ಕಲೆ ತಲೆ ತಗ್ಗಿಸಿದಳು. ಆನೆ ಎರಡನೆಯ ಸಲ ಕೇಳಿತು.

“ಬಡಗಣ ಬಾಗಿಲು ಮುಚ್ಚಿದ್ದರೆ ಬಳಸಿ ಹೋಗು ಎಂಬ ಸಾಲು,” ಎಂದಳು. “ರಾಜರು ತೀರಿಕೊಂಡಾಗ ಮಾತ್ರ ಅದನ್ನು ಮುಚ್ಚುವುದು.”

“ಅಯ್ಯೋ ಅಕ್ಕಾ,” ಎಂದಿತು ಹಕ್ಕಿ, “ನಮ್ಮ ರಾಜರಿಗೆ ಎಂಬತ್ತಾಯಿತು. ಗಂಜಿ ಕುಡಿದರೂ ಕೆಮ್ಮುತ್ತಾರೆ.”

ಆನೆ ಮೂರನೆಯ ಸಲ ಕೇಳಿತು. ದೇಕಯ್ಯನಿಗೆ ಯಾವ ಸಾಲೆಂದು ಗೊತ್ತಿತ್ತು. ಹಕ್ಕಿಗೂ ಗೊತ್ತಿತ್ತು. ಮಗಳ ಜೀವ ಆ ಒಂದು ಮಾತಿನ ಮೇಲೆ ನಿಂತಿದ್ದರೂ ದೇಕಯ್ಯ ಬಾಯಿ ಬಿಡದೆ ಕುಲುಮೆಯ ಬೆಂಕಿಯನ್ನೇ ನೋಡುತ್ತಿದ್ದ.

ಜಕ್ಕಲೆ ಉರುಳೆಯ ಮೇಲೆ ಬೆರಳಾಡಿಸಿದಳು. ಆ ನಲವತ್ತು ಮೊಳೆ ಎಲ್ಲಿವೆಯೆಂದು ಅವಳು ಕಣ್ಣು ಮುಚ್ಚಿಯೂ ಹೇಳಬಲ್ಲಳು.

“ಸೋವಲೆ ಬರುವುದಿಲ್ಲ,” ಎಂದಳು.

ಆನೆ ಗುಂಯ್‌ಗುಟ್ಟಿತು. ಹಕ್ಕಿ ಕೊಕ್ಕನ್ನು ರೆಕ್ಕೆಯಲ್ಲಿ ಹುದುಗಿಸಿತು.

“ಏನೆನ್ನುತ್ತಿದೆ ಬಮ್ಮಣ್ಣ?”

“ನನ್ನ ಕೈಲಿ ಹೇಳಿಸಬೇಡ, ಅಕ್ಕಾ.”

“ಎಂದಿಗೂ ಬರುವುದಿಲ್ಲವೇ ಎನ್ನುತ್ತಿದೆ, ಅಲ್ಲವೇ? ಎಂದಿಗೂ ಬರುವುದಿಲ್ಲವೆಂದು ಹೇಳು.”

ದೇಕಯ್ಯ ಚಾಕು ಎತ್ತಿಕೊಂಡ. ಜಕ್ಕಲೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ನಲವತ್ತು ಮೊಳೆಗಳನ್ನೂ ತಾನೇ ಹೆರೆದಳು. ಒಂದನ್ನೂ ಬಿಡಲಿಲ್ಲ, ಪಕ್ಕದ ಒಂದಕ್ಕೂ ತಗುಲಿಸಲಿಲ್ಲ. ಉಳಿದಿದ್ದ ಸಾಲು ಆ ಜಾಗದಲ್ಲಿ ಸರಿಯಾಗಿ ಕೂತಿತು. ಮರುದಿನ ದೇಕಯ್ಯ ಅಚ್ಚು ಕಟ್ಟಿ ಬೆಂಕಿಗಿಟ್ಟ. ಮೇಣ ಕರಗಿ ಹರಿದುಹೋಯಿತು. ಆ ಜಾಗಕ್ಕೆ ಕಂಚು ಹೊಯ್ದು, ಉರುಳೆಯನ್ನು ಆನೆಯ ಹೊಟ್ಟೆಯೊಳಗೆ ಕೂರಿಸಿದ.

ವರ್ಷ ತುಂಬಿದ ಸಂಜೆ ಬೂದಿಗಣ್ಣ ಬಂದ. ಅಷ್ಟರಲ್ಲಿ ಆನೆ ತಾನಾಗಿಯೇ ಹೊರಟಿತ್ತು. ಹಕ್ಕಿ ಓದುತ್ತಿಲ್ಲವೆಂಬುದು ಅವನಿಗೆ ಗೊತ್ತಾಗಲಿಲ್ಲ. ದೇಕಯ್ಯ ಮಗಳನ್ನು ಕೊಡುವುದಿಲ್ಲವೆಂದಾಗ, ಆನೆಯನ್ನು ನಿಲ್ಲಿಸಿ ಊರನ್ನು ಹೆದರಿಸಹೊರಟ.

“ಏ ಗೊರವಂಕ! ಬಾಯಿ ಮುಚ್ಚು!” ಎಂದು ಕೂಗಿದ.

“ಆಗಿನಿಂದ ಮುಚ್ಚಿಯೇ ಇದೆ ಸ್ವಾಮಿ,” ಎಂದಿತು ಹಕ್ಕಿ.

ಆನೆ ನಡೆಯಿತು.

ಅವನು ತಾಳೆಗರಿಗಳನ್ನು ಕಿತ್ತು ಸುಟ್ಟ. ಆನೆ ನಡೆಯಿತು.

ಅವನು ಎದುರಿಗೆ ಬಂದು ನಡುನುಡಿಯಲ್ಲಿ ‘ನಿಲ್ಲು’ ಎಂದು ಅರಚಿದ. ಆನೆಗೆ ಆ ಮಾತನ್ನು ತಿಳಿಸುವವರು ಯಾರೂ ಉಳಿದಿರಲಿಲ್ಲ. ಆನೆ ನಡೆಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಎರಡು ಹೆಜ್ಜೆ ಸರಿದ. ಮೂರನೆಯದಕ್ಕೆ ಗೆರೆಯ ಆಚೆಗೆ ಬಿದ್ದ. ಅಲ್ಲಿ ಮಂಜುತೋಳಗಳಿದ್ದವು.

ಅವನು ಕರಗಿದ ಗಳಿಗೆಯಲ್ಲೇ ಬಮ್ಮಯ್ಯ ಮನುಷ್ಯನಾಗಿ ಆನೆಯ ಕುತ್ತಿಗೆಯಿಂದ ಜಾರಿ ನೆಲಕ್ಕೆ ಬಿದ್ದ. ಮಲ್ಲಲೆ ಅಪ್ಪನನ್ನು ತಬ್ಬಿಕೊಂಡು ಅತ್ತಳು. ಜನ ಓಡಿಬಂದರು. ಸತ್ತ ಹಕ್ಕಿಗಳು ಮಾತ್ರ ಮರಳಿ ಬರಲಿಲ್ಲ.

ಬಮ್ಮಯ್ಯ ಮೈ ಕೊಡವಿಕೊಂಡು ಜಕ್ಕಲೆಯನ್ನು ಹುಡುಕಿಕೊಂಡು ಬಂದ.

“ಅಕ್ಕಾ, ಒಂದು ಮಾತು ಹೇಳಬೇಕಿತ್ತು. ನಿನ್ನ ಮಗಳ ಸಾಲನ್ನು ನಾನು ಒಂದು ವರ್ಷ ಓದಿದೆ. ಅವಳಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಒಂದು ದಿನವೂ ನೋಡದೆ ‘ಇಲ್ಲ’ ಎನ್ನಲಿಲ್ಲ. ಕತ್ತು ಚಾಚಿ, ಬಾಗಿಲ ಎರಡೂ ಕಡೆ ಚೆನ್ನಾಗಿ ನೋಡಿಯೇ ಹೇಳಿದೆ.”

ಜಕ್ಕಲೆ “ಒಳ್ಳೆಯದು ಮಾಡಿದೆ, ಬಮ್ಮಣ್ಣ,” ಎಂದಳು. ಆಮೇಲೆ ಅಲ್ಲೇ, ಆ ಜನರ ನಡುವೆಯೇ ಕುಳಿತು ಅತ್ತಳು. ಮಲ್ಲಲೆ ಬಂದು ಪಕ್ಕದಲ್ಲಿ ಕುಳಿತಳು.

ಅಂದಿನಿಂದ ಕಂಚಿಕೋಟೆಯಲ್ಲಿ ಯಾರೂ ಹಕ್ಕಿಯಾಗಲಿಲ್ಲ. ಊರಿನವರೆಲ್ಲ ಬಹುಕಾಲ ಸುಖವಾಗಿ ಬಾಳಿದರು. ಜಕ್ಕಲೆಯೂ, ತನ್ನಿಂದಾದಷ್ಟು.