ಕೆರೆಗೆ ಬಿದ್ದ ಸಂಘದ ಕಾರು

ಹುಣಸೆ ಬಡಿಯುವ ಕಾಲ. ಬೆಳಗಾಗುತ್ತಲೇ ಕಳ್ಳಂಬೆಳ್ಳದ ಹೆಂಗಸರು ಜಗಲಿಗಳಲ್ಲಿ ಕೂತು ಹಣ್ಣು ಕುಟ್ಟುತ್ತಿದ್ದರು. ಎಮ್ಮೆ ಹೊಡೆದುಕೊಂಡು ಹೋಗಿದ್ದ ಮುನಿಯಮ್ಮ ಕೂಗಿಕೊಂಡು ಓಡಿ ಬಂದಳು. "ಸಂಘದ ಕಾರು ಕೆರೇಲಿ ಬಿದ್ದೈತೆ ಕಣ್ರಪ್ಪೋ!"

ಬೆಂಗಳೂರಿನ ಸಾಹುಕಾರರು ದಾನ ಕೊಟ್ಟ ಹಳೇ ಕಾರುಗಳನ್ನು ರಿಪೇರಿ ಮಾಡಿಸಿ, ಬಾಡಿಗೆಗೆ ಓಡಿಸಿ ಬದುಕಿಕೊಳ್ಳಲಿ ಎಂದು ಬಡವರಿಗೆ ಅಗ್ಗಕ್ಕೆ ಕೊಡುವ ಸಂಘವೊಂದು ಸಿರಾದಲ್ಲಿತ್ತು. ಈ ಸಲದ ಕಾರು ವಿಧವೆ ಶಹರ್ಬಾನುವಿಗೆ. ಅವಳ ತಮ್ಮ ಹಿದಾಯತುಲ್ಲಾ ಡ್ರೈವರು. ಕಾರು ಸಿಕ್ಕರೆ ಊರಲ್ಲೇ ಇದ್ದು ಅಕ್ಕನ ಮಕ್ಕಳನ್ನು ಸಾಕುತ್ತಾನೆ. ಇಲ್ಲದಿದ್ದರೆ ಬೊಂಬಾಯಿ ಲಾರಿ ಹತ್ತುತ್ತಾನೆ. ಚಾವಡಿ ಮುಂದೆ ನಿಲ್ಲಿಸಿದ್ದ ಕಾರನ್ನು ಅವತ್ತು ಒಪ್ಪಿಸಬೇಕಿತ್ತು.

ಸಿರಾ ಠಾಣೆಯಿಂದ ದಫೇದಾರ್ ಚನ್ನಮಲ್ಲಯ್ಯ ಬಂದರು. ಎಲ್ಲರೂ ಬೆರಳು ತೋರಿಸಿದ್ದು ಜಟಕಾ ಕದಿರಯ್ಯನ ಕಡೆಗೆ.

"ಆ ಕಾರು ಬಂದ್ರೆ ನನ್ ಕುದ್ರೆ ಉಪಾಸ ಅಂದಿದ್ದೆಯಂತೆ?"

"ಅಂದಿದ್ದೆ ಬುದ್ಧಿ. ಆದ್ರೆ ಕಾರಿಗೆ ಲಗಾಮು ಎಲ್ಲೈತೆ ಅಂತ್ಲೇ ನಂಗೆ ಗೊತ್ತಿಲ್ಲ. ನಾನಾದ್ರೆ ನೂಕ್ಬೇಕು, ಅಷ್ಟೆ."

ಯಾರೂ ನೂಕಿರಲಿಲ್ಲ. ಬೆಳಗಿನ ಜಾವ ಇಂಜಿನ್ ಸದ್ದನ್ನು ಊರೇ ಕೇಳಿತ್ತು. ಸಂಘದವರು ಒಯ್ದರೆಂದುಕೊಂಡು ಮಗ್ಗುಲು ಬದಲಿಸಿತ್ತು.

ಚಾವಡಿ ಪಕ್ಕದ ಕಳ್ಳಿಬೇಲಿಯಲ್ಲಿ, ಇಂಜಿನ್ ಚಾಲೂ ಮಾಡಲು ಕಾರಿನ ಮೂತಿಗೆ ಕೊಟ್ಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಸಿಕ್ಕಿತು.

"ಡ್ರೈವರಾದೋನು ಇದನ್ನ ಬಿಟ್ಟು ಹೋಗಲ್ಲ ಸಾಬ್," ಅಂದ ಹಿದಾಯತುಲ್ಲಾ. "ದಾರೀಲಿ ನಿಂತ್ರೆ ಏನ್ ಗತಿ?"

"ಎಸೆದವ್ನೆ. ಯಾಕೆ?" ಅಂದರು ದಫೇದಾರರು.

"ತಿರುವುವಾಗ ಹ್ಯಾಂಡಲ್ ಒದ್ದಿರ್ತದೆ. ಹೊಸಬ್ರು ಹೆಬ್ಬೆಟ್ಟು ಸುತ್ತಿ ಹಿಡೀತಾರೆ. ಉಲ್ಟಾ ಹೊಡೀತು ಅಂದ್ರೆ ಕೈ ಮುರೀತು."

* * *

ಕೈ ಮುರಿದವರು ಯಾರಾದರೂ ಬಂದಿದ್ದರಾ ಎಂದು ದಫೇದಾರರು ಕೇಳಿದ್ದಕ್ಕೆ ಮೂಳೆ ಕಟ್ಟುವ ಹುಸೇನ್ ಸಾಬ್ ನಕ್ಕ. "ಹುಣಸೆ ಕಾಲದಾಗೆ ಮರದಿಂದ ಬಿದ್ದು ಕೈ ಮುರಿದೋರು ಸಂತೆ ನೆರೆದಂಗೆ ಬರ್ತಾರೆ. ಇವತ್ತು ಬೆಳಿಗ್ಗೆ ಮಾತ್ರ ಒಬ್ನೇ, ಲಾರಿ ಕ್ಲೀನರ್ ಸಂಜೀವಯ್ಯ."

ಸಂಜೀವಯ್ಯ ಬಲಗೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಮನೆಯಲ್ಲಿ ಕೂತಿದ್ದ.

"ಮರದಿಂದ ಬಿದ್ದೆ ಬುದ್ಧಿ."

"ಮೊಣಕಾಲು ತೋರ್ಸು. ಎದೆ ತೋರ್ಸು."

ಒಂದು ಗೀರೂ ಇರಲಿಲ್ಲ.

"ಹುಣಸೆಮರ ಯಾರನ್ನೂ ತರಚದೆ ಕೆಳಗಿಳಿಸಲ್ಲ ಕಣ್ಲಾ. ನಿನ್ ಲಾರಿ ಸೆಲ್ಫ್ ಒತ್ತಿದ್ರೆ ಚಾಲೂ ಆಗ್ತದೆ. ಹ್ಯಾಂಡಲ್ ಒದೆಯೋದು ನಿಂಗೆ ಗೊತ್ತಿಲ್ಲ. ಒದೀತು. ಎಡಗೈಲಿ ತಿರುವಿ ಚಾಲೂ ಮಾಡ್ದೆ, ಸಿಟ್ಟಿಗೆ ಹ್ಯಾಂಡಲ್ ಎಸೆದೆ. ಕೆರೆ ಏರಿ ತಿರುವಿನಾಗೆ ಒಂದೇ ಕೈ ಸಾಲ್ದೆ ಹೋಯ್ತು."

ಸಂಜೀವಯ್ಯ ದಬ್ಬೆ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. "ನಾನೂ ಅರ್ಜಿ ಹಾಕಿದ್ದೆ ಬುದ್ಧಿ. ನಂಗ್ಯಾಕೆ ಕೊಡ್ಲಿಲ್ಲ? ಒಂದ್ಸಲ ಓಡ್ಸಿ ತಂದಿಡಾನ ಅಂತ ಹೋದೆ."

ಚನ್ನಮಲ್ಲಯ್ಯನವರಿಗೆ ಉತ್ತರ ಗೊತ್ತಿತ್ತು. ಅರ್ಜಿದಾರರ ಮನೆ ನೋಡಲು ಸಂಘದವರು ಬಂದಾಗ ಜೊತೆಗೆ ಬಂದಿದ್ದವರು ಅವರೇ. "ಬೆಳ್ಳಿ ಲೋಟದಾಗೆ ಕಾಫಿ ಕೊಟ್ರಲ್ಲೋ. ಕುರ್ಚಿ ಹಾಕಿದ್ರಿ. ಅನುಕೂಲಸ್ಥರು ಅಂತ ನಾನೇ ಹೇಳ್ದೆ."

ಒಳಗಿನಿಂದ ಅವನ ಹೆಂಡತಿ ರಾಜಲಕ್ಷ್ಮಮ್ಮನ ದನಿ ಬಂತು. "ಲೋಟ ಸಾವ್ಕಾರ್ ಪರ್ವತಯ್ಯನೋರ ಮನೆಯಿಂದ ಕೇಳಿ ತಂದವು ಸ್ವಾಮಿ. ಕುರ್ಚಿ ಇಸ್ಕೂಲಿಂದು. ಮನೆಗೆ ಬಂದೋರಿಗೆ ಹರಕು ತೋರ್ಸಕ್ಕಾಯ್ತದಾ?"

ಬಡತನ ನೋಡಲೆಂದೇ ಹೋಗಿದ್ದವರು ಚನ್ನಮಲ್ಲಯ್ಯನವರು. ಎರಡು ಲೋಟ ಕುಡಿದಿದ್ದರು. ಅಡುಗೆಮನೆಯತ್ತ ಕತ್ತು ಹೊರಳಿಸಿರಲಿಲ್ಲ.

* * *

ಚಾವಡಿಯಲ್ಲಿ ಸಂಜೀವಯ್ಯ ಶಹರ್ಬಾನು ಮುಂದೆ ತಲೆ ತಗ್ಗಿಸಿ ನಿಂತ. "ಕೈ ಕೂಡ್ಲಿ ಕಣಕ್ಕ. ದುಡಿದು ನಿನ್ ಕಾರಿನ ಬೆಲೆ ತೀರಿಸ್ತೀನಿ."

"ನೀನು ತೀರ್ಸೋ ಹೊತ್ಗೆ ನನ್ ಮಕ್ಳಿಗೆ ಮೊಮ್ಮಕ್ಳಾಗಿರ್ತವೆ," ಅಂದಳು ಶಹರ್ಬಾನು. ದನಿ ಏರಿರಲಿಲ್ಲ.

ಇಂಜಿನ್ ತುಂಬ ಕೆಸರು ಸೇರಿತ್ತು. ಆ ಊರಿಗೆ ಇನ್ನು ಕಾರು ಕೊಡುವುದಿಲ್ಲವೆಂದಿತು ಸಂಘ. ಸಂಜೀವಯ್ಯ ಜೈಲಿಗೆ ಹೋದ; ಅವನು ಹೊರಬರುವ ಮೊದಲೇ ಹಿದಾಯತುಲ್ಲಾ ಬೊಂಬಾಯಿ ಲಾರಿ ಹತ್ತಿದ. ತಮ್ಮ ಒಂದು ಮಾತಿನಿಂದ ಶಹರ್ಬಾನು, ಸಂಜೀವಯ್ಯ ಇಬ್ಬರ ಮನೆಗೂ ತಾವು ಬಾಕಿ ಬಿದ್ದದ್ದು ಚನ್ನಮಲ್ಲಯ್ಯನವರಿಗೆ ಗೊತ್ತಿತ್ತು. ತೀರಿಸುವ ಬಗೆ ಮಾತ್ರ ತಿಳಿಯಲಿಲ್ಲ.