ನೀಲಿಬೆರಳು ಕಾಯ್ದ ಪ್ರಿಂಟರು

ಬಿಸಿಲು ಇಳಿಯಬೇಕಾದ ಹೊತ್ತಿಗೆ ಇನ್ನಷ್ಟು ಏರಿದ ವರ್ಷ ಅದು. ಶಾಲೆಗಳು ತೆರೆಯುವ ದಿನಗಳಾದ್ದರಿಂದ ಬೆಳಿಗ್ಗೆಯೇ ಜನ ಪ್ರಿಂಟಿನ ಅಂಗಡಿಯ ಮೆಟ್ಟಿಲ ಮೇಲೆ ಕಾದು ಕೂತಿರುತ್ತಿದ್ದರು. ಎಲ್ಲರೂ ಪ್ರಿಂಟಕ್ಕ ಎನ್ನುತ್ತಿದ್ದ ಅದರ ಒಡತಿ ಬಾಗಿಲು ತೆಗೆದು, ಕಸ ಗುಡಿಸಿ, ಮೇಜಿನ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲಕ್ಕೂ ಕೊನೆಗೆ ಪ್ರಿಂಟರಿನ ಮುಸುಕು ತೆಗೆಯುತ್ತಿದ್ದಳು. ಅಮ್ಮನ ಹಳೆಯ ಹೊದಿಕೆ ಕತ್ತರಿಸಿ ಅವಳೇ ಹೊಲಿದ ಮುಸುಕು ಅದು.

ಬಡವರ ಪ್ರಿಂಟರು ಎಂದೇ ಅದಕ್ಕೆ ಹೆಸರು. ದೊಡ್ಡ ಕಂಪನಿಗಳದ್ದರ ಅರ್ಧ ಬೆಲೆ, ಮಸಿಯೂ ಅಗ್ಗ. ಬೇಸಿಗೆ ಬಂದರೆ ಮಸಿ ಒಣಗಿ ಬಾಯಿ ಕಟ್ಟುತ್ತದೆ ಎಂದು ಪೇಟೆಯವರು ಮೂಗು ಮುರಿಯುತ್ತಿದ್ದರು. ಪ್ರಿಂಟಕ್ಕ ಮಾತ್ರ ಒಪ್ಪುತ್ತಿರಲಿಲ್ಲ.

"ನನ್ನ ಹತ್ರ ಬಂದು ಇದು ಮೂರನೇ ಬೇಸಿಗೆ. ಒಂದು ಗೆರೆ ತಪ್ಪಿಲ್ಲ. ಸಾಕೋಕೆ ಬರದೋರು ಹಸುನ ಬೈತಾರೆ."

ಕಾಗದ ತೆಳುವಾಗಿದೆ, ಇವತ್ತು ಬೇಡ ಎಂದು ಹೇಳಿ, ಬಂದ ಗಿರಾಕಿಯನ್ನೇ ಹಿಂದೆ ಕಳಿಸುವವಳು ಅವಳು. ಹಾಗಾಗಿ ಅವಳು ಆಡಿದ್ದಕ್ಕೆ ತೂಕವಿತ್ತು. ಪಕ್ಕದ ಸ್ಟುಡಿಯೋದ ಅತ್ತಿಗೆ, ಗಂಡ ತೀರಿಕೊಂಡ ಮೇಲೆ ತಾನೇ ಕ್ಯಾಮೆರಾ ಹಿಡಿದವಳು, ಆ ಮಾತು ನಂಬಿಯೇ ಆ ಬೇಸಿಗೆಯ ಶುರುವಿಗೆ ಅದೇ ಜಾತಿಯ ಪ್ರಿಂಟರು ತಂದಿದ್ದಳು.

ಶನಿವಾರ ಮಧ್ಯಾಹ್ನ ನೀಲಿಬೆರಳು ಬರುತ್ತಿದ್ದ. ಊರೂರು ಸುತ್ತಿ ಮೆಷಿನ್ ರಿಪೇರಿ ಮಾಡುವವನು. ಬಲಗೈಯ ತೋರುಬೆರಳು ಸದಾ ನೀಲಿ, ಹಾಗೆಂದು ಹೆಸರಿಟ್ಟವಳು ಪ್ರಿಂಟಕ್ಕನೇ.

"ಅಮ್ಮಂಗೆ ಊಟ ಹಾಕಿ ಬಾ ಹೋಗು, ಅಂಗಡಿ ನಾನು ನೋಡ್ಕೋತೀನಿ," ಎನ್ನುತ್ತಿದ್ದ.

ಅವಳು ಹೊರಡುತ್ತಾ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅವನು ಗೋಡೆಯ ಕ್ಯಾಲೆಂಡರನ್ನು ಓದುವವನಂತೆ ನಟಿಸುತ್ತಿದ್ದ. ಅವಳು ತಿರುಗಿದ ಮೇಲೆ ಆ ಕಣ್ಣು ತನ್ನ ಬೆನ್ನ ಮೇಲೆ ಬೀಳುವುದು ಅವಳಿಗೆ ಬಿಸಿಲಿನಷ್ಟೇ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಮರಳಿ ಬಂದು ನೀರು ಕೊಟ್ಟರೆ ಲೋಟದ ಮೇಲೆ ನೀಲಿ ಗುರುತು.

"ನಿಮ್ಮನೇಲಿ ಸೋಪಿಲ್ವಾ?"

"ತೊಳೆದ್ರೆ ಹೋಗೋ ಬಣ್ಣ ಅಲ್ಲ ಇದು. ಒಂದು ವಾರ ಬೇಕು."

"ಅಷ್ಟರಲ್ಲಿ ಮತ್ತೆ ಹಚ್ಕೊಂಡು ಬರ್ತೀಯ."

"ಏನ್ ಮಾಡ್ಲಿ, ಹಣೆಬರಹನೂ ನೀಲಿ ಮಸೀಲೇ ಬರೆದಿದ್ದಾರೆ."

ಅಣ್ಣನ ಮನೆಗೆ ಚಾವಣಿ ಹಾಕಿಸಲು ಊರಿಗೆ ಹೊರಟ ದಿನ ಅವನು ಲೋಟ ಕೆಳಗಿಡದೆಯೇ ಕೇಳಿದ: "ಬಂದ್ಮೇಲೆ ನಿಮ್ಮಮ್ಮನ ಹತ್ರ ಮಾತಾಡ್ಲಾ?"

"ಬಂದ್ಮೇಲೆ ಹೇಳ್ತೀನಿ," ಎಂದಳು. ಹೂಂ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕಾಯಿಸಿದರೆ ಇನ್ನಷ್ಟು ಸಿಹಿಯಾದೀತೆಂದು ಉಳಿಸಿಕೊಂಡಳು.

ಚಾವಣಿಯ ಕೆಲಸ ಎಳೆಯಿತು. ಶನಿವಾರಗಳು ಖಾಲಿ ಬಂದು ಖಾಲಿ ಹೋದವು. ಗಾಳಿ ಒಲೆಯ ಬಾಯಿಂದ ಬಂದಂತೆ ಬೀಸುತ್ತಿತ್ತು.

ಒಂದು ಬೆಳಿಗ್ಗೆ ಅತ್ತಿಗೆ ಫೋಟೋಗಳ ಹಾಳೆ ತಂದು ಮೇಜಿನ ಮೇಲೆ ಹರಡಿದಳು. ಕೆಂಪು ಸತ್ತುಹೋಗಿತ್ತು. ಶಾಲೆಗೆ ಸೇರಬೇಕಾದ ಮಕ್ಕಳ ಮುಖವೆಲ್ಲ ಪಾಚಿಯ ಬಣ್ಣ, ಮೇಲೆ ಬಿಳಿ ಗೆರೆ.

"ಎಲ್ರೂ ಆಚೆ ಬೀದಿ ಸ್ಟುಡಿಯೋಗೆ ಹೋದ್ರು ಕಣೇ."

"ಮಸಿ ಮುಗಿದಿರ್ಬೇಕು ಅತ್ತಿಗೆ. ನಂದು ಯಾವತ್ತೂ ಹೀಗೆ ಮಾಡಿಲ್ಲ," ಎಂದು ತನ್ನದರಲ್ಲಿ ಒಂದು ಹಾಳೆ ತೆಗೆದಳು. ಪಾಚಿಯ ಮುಖ, ಬಿಳಿ ಗೆರೆ. ಇನ್ನೊಂದು ತೆಗೆದಳು. ಅದೇ.

ಅತ್ತಿಗೆ ಹಾಳೆಗಳನ್ನು ಮಡಿಸಿಕೊಂಡಳು. "ನಾನು ಪ್ರಿಂಟರ್ ಕೊಂಡಿರ್ಲಿಲ್ಲ. ನಿನ್ ಮಾತು ಕೊಂಡಿದ್ದೆ." ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಪ್ರಿಂಟಕ್ಕನಿಗೆ ಹಗುರವಾಗುತ್ತಿತ್ತು.

ಆ ಶನಿವಾರ ಅವನು ಬಂದ. ಕರ್ರಗೆ ಕಂದಿದ್ದ. ಬೆರಳು ಮಾತ್ರ ಶುಭ್ರವಾಗಿತ್ತು. ಅದನ್ನು ಹಾಗೆ ನೋಡಿ ಅವಳಿಗೆ ಯಾರದೋ ಕೈಯೆನಿಸಿತು.

"ನೀನು ಹೋದ್ಮೇಲೆ ಇದೂ ಕೈ ಕೊಡ್ತು," ಎಂದಳು.

ಅವನು ಪ್ರಿಂಟರಿನ ಕಡೆ ನೋಡಿದ. "ಮೊದ್ಲು ಊಟ ಹಾಕಿ ಬಾ. ನೋಡ್ತೀನಿ."

ಅರ್ಧ ದಾರಿಯಲ್ಲಿ ಅಮ್ಮನ ಮಾತ್ರೆ ಮರೆತದ್ದು ನೆನಪಾಗಿ ಅವಳು ಹಿಂದಿರುಗಿದಳು. ಅವನು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಅವಳು ಹೊದಿಸಿ ಹೋಗಿದ್ದ ಮುಸುಕನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಿದ್ದ. ಶನಿವಾರ ಅವಳು ಮರಳಿದಾಗಲೆಲ್ಲ ಅದು ಇರುತ್ತಿದ್ದುದೇ ಹಾಗೆ. ಪ್ರಿಂಟರಿನ ಮೈ ಬಿಚ್ಚಿತ್ತು. ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ನೀರು ಬಿಟ್ಟು, ಬೆರಳಿಗೆ ಬಟ್ಟೆ ಸುತ್ತಿ, ಮಸಿ ಬರುವ ರಂಧ್ರಗಳನ್ನು ಒರೆಸುತ್ತಿದ್ದ. ಹುಡುಕುವ ಕೈಯಲ್ಲ ಅದು. ದಿನಾ ಹೋಗುವ ಬಾವಿಯ ದಾರಿಯನ್ನು ಕತ್ತಲಲ್ಲೂ ಬಲ್ಲ ಕಾಲಿನಂಥ ಕೈ.

ಬಟ್ಟೆಯಿಂದ ಒಸರಿದ ನೀಲಿ ಅವನ ಬೆರಳಿಗೆ ಇಳಿಯುವುದನ್ನು ಅವಳು ನೋಡಿದಳು.

"ಯಾವಾಗಿಂದ?"

ಅವನು ತಿರುಗಲಿಲ್ಲ. "ಮೊದಲನೇ ಬೇಸಿಗೆಯಿಂದ."

"ಪ್ರತಿ ಶನಿವಾರ?"

"ಹೂಂ. ಬಿಟ್ರೆ ಒಣಗುತ್ತೆ. ಇದರ ಜಾತಿನೇ ಅಂಥದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇದನ್ನ ಕಂಪನಿಗೆ ವಾಪಸ್ ಕಳಿಸ್ತಿದ್ದೆ. ಆಮೇಲೆ ಶನಿವಾರ ಬರೋಕೆ ನಂಗೇನು ನೆಪ?"

ಅವಳು ಮಾತ್ರೆಯ ಪೊಟ್ಟಣ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. "ನೆಪ ಬೇಕಿರ್ಲಿಲ್ಲ. ಬಾ ಅಂತ ನಾನೇ ಕರೀತಿದ್ದೆ."

ಅವನು ಈಗ ತಿರುಗಿದ. ಕಣ್ಣು ತುಂಬಿತ್ತು.

"ಅತ್ತಿಗೆ ಬಂದು ಇದನ್ನೇ ತಗೊಳ್ಲಾ ಅಂತ ಕೇಳಿದ ದಿನ ನೀನು ಇಲ್ಲೇ ನಿಂತಿದ್ದೆ," ಎಂದಳು. "ಕಣ್ಣು ಮುಚ್ಕೊಂಡು ತಗೊಳ್ಳಿ ಅಂತ ನಾನು ಹೇಳಿದ್ದನ್ನ ಕೇಳಿಸ್ಕೊಂಡೆ."

"ಬಾಯಿಗೆ ಬಂದಿತ್ತು. ನೀನು ಅಷ್ಟು ಹೆಮ್ಮೆಯಿಂದ ಹೇಳ್ತಿದ್ದೆ... ಆಗಲಿಲ್ಲ." ಸಿರಿಂಜು ಕೆಳಗಿಟ್ಟ. "ಅತ್ತಿಗೆದೂ ಸರಿ ಮಾಡ್ತೀನಿ. ಯಾರ್ಯಾರು ತಗೊಂಡಿದ್ದಾರೋ ಎಲ್ಲರ ಮನೆಗೂ ವಾರ ವಾರ ಹೋಗ್ತೀನಿ. ಯಾರಿಗೂ ಗೊತ್ತಾಗಲ್ಲ."

"ಆಗ ಅವರೂ ನನ್ ಹಾಗೇ ಇನ್ನೊಬ್ಬರಿಗೆ ಒಳ್ಳೇದು ಅಂತ ಹೇಳ್ತಾರೆ."

ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಬಿಚ್ಚಿಟ್ಟ ಪ್ರಿಂಟರು ನೋಡಿ, ಹಾಗೇ ಮುಂದೆ ಹೋದರು.

"ಊರಿಗೆ ಹೋಗುವಾಗ ಒಂದು ಕೇಳಿದ್ದೆ," ಎಂದ ಅವನು.

"ಕೇಳಿದ್ದೆ."

"ಅದಕ್ಕೇನಂತೀಯ?"

ಹೂಂ ಎಂಬುದು ಇನ್ನೂ ಅಲ್ಲೇ ಇತ್ತು. ಎತ್ತಿಕೊಡಲು ಮಾತ್ರ ಅವಳಿಂದಾಗಲಿಲ್ಲ. "ನನ್ ಹತ್ರ ಇದ್ದದ್ದು ಮಾತು ಒಂದೇ. ಅದನ್ನ ಈಗ ಯಾರೂ ನಂಬಲ್ಲ. ನಂಬಿಕೆ ಇಲ್ಲದ ಮಾತನ್ನ ನಿಂಗೆ ಹೇಗೆ ಕೊಡ್ಲಿ?" ತಡೆದು, "ಒಂದು ಉಪಕಾರ ಮಾಡು. ತೊಳಿಯೋದು ಹೇಗೆ ಅಂತ ತೋರಿಸಿ ಹೋಗು," ಎಂದಳು.

ಅವನು ತೋರಿಸಿದ. ಎಷ್ಟು ನೀರು, ಎಷ್ಟು ಒತ್ತು, ಯಾವಾಗ ನಿಲ್ಲಿಸಬೇಕು. ಅವಳ ಕೈ ತಪ್ಪಿದಾಗ ತಿದ್ದಲು ಅವನ ಕೈ ಮುಂದೆ ಬಂತು; ಮುಟ್ಟದೆ ಗಾಳಿಯಲ್ಲೇ ನಿಂತಿತು. ಮೂರು ಬೇಸಿಗೆಯಲ್ಲಿ ಅವರು ಅಷ್ಟು ಹತ್ತಿರ ನಿಂತಿರಲಿಲ್ಲ. ಎಲ್ಲ ಕಲಿತಾದ ಮೇಲೆ ಅವನು ಸಿರಿಂಜನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿದ. ಅವಳು ಕ್ಯಾಲೆಂಡರು ನೋಡುತ್ತಾ ನಿಂತಳು.

ಮಳೆ ಬಂತು. ಅವನು ಬೇರೆ ಪೇಟೆ ಹಿಡಿದನೆಂದು ಸುದ್ದಿ. ಪ್ರಿಂಟರು ಹೇಗೆ ಎಂದು ಯಾರಾದರೂ ಕೇಳಿದರೆ ಅವಳು ಉದ್ದಕ್ಕೆ ಹೇಳುತ್ತಾಳೆ: "ಅಗ್ಗ, ಬಣ್ಣ ಚೆನ್ನ. ಆದ್ರೆ ಬಿಟ್ರೆ ಒಣಗುತ್ತೆ. ವಾರಕ್ಕೊಂದ್ಸಲ ಕೈ ಮಸಿ ಮಾಡ್ಕೊಳ್ಳೋರು ಮನೇಲಿದ್ರೆ ತಗೊಳ್ಳಿ, ಇಲ್ಲಾಂದ್ರೆ ಬೇಡ." ಹೆಚ್ಚಿನವರು ಬೇಡವೆಂದೇ ಹೋಗುತ್ತಾರೆ.

ಶನಿವಾರ ಮಧ್ಯಾಹ್ನ ಅವಳೇ ಸ್ಟುಡಿಯೋಗೆ ಹೋಗಿ ಅತ್ತಿಗೆಯ ಪ್ರಿಂಟರು ತೊಳೆಯುತ್ತಾಳೆ. ಮೊದಮೊದಲು ಅತ್ತಿಗೆ ಮಾತಾಡುತ್ತಿರಲಿಲ್ಲ. ಈಚೆಗೆ ಪಕ್ಕದಲ್ಲಿ ಸ್ಟೂಲು ಎಳೆದು ಕೂರುತ್ತಾಳೆ.

"ಅವನು ಒಳ್ಳೆಯವನಾ?" ಎಂದು ಒಂದು ದಿನ ಕೇಳಿದಳು.

"ಒಳ್ಳೆಯವನೇ ಅತ್ತಿಗೆ."

"ನಿನ್ ಮಾತು ನಂಬ್ಲಾ?" ಅತ್ತಿಗೆಯ ತುಟಿಯ ಅಂಚಿನಲ್ಲಿ ನಗುವಿತ್ತು.

ಪ್ರಿಂಟಕ್ಕ ಗುಂಡಿ ಒತ್ತಿದಳು. ಹಾಳೆ ಮೆಲ್ಲಗೆ ಹೊರಬಂತು. ಯಾವುದೋ ಹುಡುಗಿಯ ಕೆನ್ನೆಗೆ ಕೆಂಪು ಮರಳಿತ್ತು. ಅದನ್ನು ಅತ್ತಿಗೆಯ ಕೈಗೆ ಕೊಟ್ಟು, ತನ್ನ ಬೆರಳನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿದಳು. ನೀಲಿ ಹೋಗಲಿಲ್ಲ. ಒಂದು ವಾರ ಬೇಕು.