ಕತ್ತರಿಸಿಟ್ಟ ಒಂದು ನಿಮಿಷ

“ನಮ್ಮಣ್ಣನ ಮಾತು ಕತ್ತರಿಸೋಕೆ ನಿಮಗೆ ಯಾರು ಹೇಳಿದ್ದು?”

ಪಾಂಡವಪುರದ ಆ ಪುಟ್ಟ ವಿಡಿಯೋ ಅಂಗಡಿಯ ಮೇಜಿನ ಮೇಲೆ ಪ್ರಜ್ಞ ಕ್ಯಾಸೆಟ್ಟು ಕುಕ್ಕಿದಳು. ಎದುರಿಗೆ ಚಿಕ್ಕಸ್ವಾಮಿ, ಸತ್ತ ಅಣ್ಣನ ಗೆಳೆಯ. ಅವನೊಂದಿಗೆ ಅವಳು ಆಡಿದ ಮೊದಲ ಮಾತೇ ಇದು!

ಅಣ್ಣ ವಿಜಯೇಂದ್ರ ಕೆ.ಆರ್.ಎಸ್. ರಸ್ತೆಯಲ್ಲಿ ಬಸ್ಸಿಗೆ ಸಿಕ್ಕಿ ತೀರಿಕೊಂಡು ಮೂರು ತಿಂಗಳು. ಅದಕ್ಕೂ ಮುಂಚೆ, ಅಪ್ಪ ಜಯರಾಮಯ್ಯ ಮೇಷ್ಟರ ಎಪ್ಪತ್ತರ ಹುಟ್ಟುಹಬ್ಬದ ದಿನ, ಅಪ್ಪನ ಪಕ್ಕ ಕೂತು ಏನೇನೋ ಮಾತಾಡಿದ್ದ. ಚಿಕ್ಕಸ್ವಾಮಿ ಅದನ್ನೆಲ್ಲ ವಿಡಿಯೋ ತೆಗೆದಿದ್ದ. ಅಪ್ಪನಿಗೆ ಕಿವಿ ಹೋಗಿ ಹತ್ತು ವರ್ಷ. ಈಗ ಕಣ್ಣೂ ಮಂಜಾಗುತ್ತಿದೆ, ಹೆಚ್ಚೆಂದರೆ ಒಂದು ತಿಂಗಳು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಮಗನ ಮಾತನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಓದಬೇಕು... ಆ ಮುದುಕ ದಿನವೂ ರಂಗನಾಥನಲ್ಲಿ ಬೇಡುತ್ತಿದ್ದುದು ಇಷ್ಟೇ. ಅದಕ್ಕೆಂದೇ ಚಿಕ್ಕಸ್ವಾಮಿ ಅಕ್ಷರ ಕೂರಿಸಿ ಕಳಿಸಿದ್ದ ಕಾಪಿ ಇದು, ನಡುವೆ ಒಂದು ಕಡೆ ಚಿತ್ರ ಹಾರಿಹೋಗಿತ್ತು.

“ತುಟಿ ಒಂದು ಕಡೆ, ಅಕ್ಷರ ಒಂದು ಕಡೆ! ಮುಖವಂತೂ ಬೂದಿ ಮೆತ್ತಿದ ಹಾಗಿದೆ!”

“ಮೊದ್ಲೇ ಅಕ್ಸರ ಕೂರಿಸ್ಬುಟ್ಟೆ ಕಣ್ರೀ. ಆಮೇಲೆ ಕತ್ತರಿಸ್ದೆ, ಎಲ್ಲಾ ಜರುಗೋಯ್ತು. ಸರಿ ಮಾಡಕ್ಕೋಗಿ ಕಾಪಿ ಮೇಲೆ ಕಾಪಿ... ಒಂದೊಂದು ಕಾಪೀಗೂ ಚಿತ್ರ ಸಾಯ್ತದೆ.”

ಸಾಯ್ತದೆ... ಅವನು ನಾಲಿಗೆ ಕಚ್ಚಿಕೊಂಡ.

ಟೈಪಿಂಗ್ ಕಲಿಸುವ ಹುಡುಗಿ ಅವಳು. ಕಣ್ಣೊರೆಸಿಕೊಂಡು ಹೇಳಿದಳು. “ಎಷ್ಟು ಇರಬೇಕು, ಎಷ್ಟು ಬೇಡ ಅಂತ ಮೊದಲು ತೀರ್ಮಾನವಾಗಲಿ. ನಾನು ಪ್ರತಿ ಮಾತನ್ನೂ ನಿಮಿಷ, ಸೆಕೆಂಡಿನ ಸಮೇತ ಹಾಳೆ ಮೇಲೆ ಬರೀತೀನಿ. ಅಕ್ಷರ ಕೊನೆಗೆ, ಅಸಲಿನಿಂದ ಒಂದೇ ಸಲ ಕಾಪಿ ಮಾಡುವಾಗ. ಅಸಲಿ ಕ್ಯಾಸೆಟ್ಟು ಕೊಡಿ.”

ಅವನ ಮುಖ ಬಿಳಿಚಿತು. “ಅದು ಬ್ಯಾಡಿ...”

“ಸತ್ತವನ ಮಾತು ಬಚ್ಚಿಡ್ತೀರಾ? ಎಂಥ ಸ್ನೇಹಿತರೀ ನೀವು!”

ಕ್ಯಾಸೆಟ್ಟು ಕೊಟ್ಟು ಅವನು ಹೊರಗೆ ಹೋದ.

ಅವಳು ಅಲ್ಲೇ ಕ್ಯಾಸೆಟ್ಟು ಹಾಕಿ ಬರೆಯುತ್ತಾ ಹೋದಳು. ಹದಿನಾಲ್ಕನೆಯ ನಿಮಿಷದಲ್ಲಿ ಅಣ್ಣ ನಗುತ್ತಿದ್ದ.

“ನಿಮಗೆ ಕೇಳಲ್ಲ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ ಅಪ್ಪಾ. ಕ್ಯಾಮೆರಾ ಹಿಡಿದಿದ್ದಾನಲ್ಲ ಈ ಚಿಕ್ಕಸ್ವಾಮಿ, ನಮ್ಮ ಪ್ರಜ್ಞನ್ನ ಎರಡು ವರ್ಷದಿಂದ ಮನಸಲ್ಲಿಟ್ಕೊಂಡಿದ್ದಾನೆ. ಪುಕ್ಕಲ, ಬಾಯಿ ಬಿಡಲ್ಲ! ಜಾತಿ ಬೇರೆ ಅಂತ ಅಡ್ಡ ಬರಬೇಡಿ. ಒಪ್ಪಿಗೆ ತಾನೆ?”

“ಸುಮ್ಕಿರ್ಲಾ ವಿಜಿ!” ಕ್ಯಾಮೆರಾದ ಹಿಂದಿನಿಂದ ಅವನದೇ ದನಿ. ಚಿತ್ರ ಗಡಗಡ ನಡುಗಿತ್ತು.

ಅವಳ ಪೆನ್ನು ನಿಂತಿತು. ಅಯ್ಯೋ... ಎಂಥ ಮಾತಂದುಬಿಟ್ಟೆ!

ಆ ಸಾಲನ್ನೂ ಬಿಡದೆ ಬರೆದಳು. ಅವನು ಅದನ್ನೂ ಕೂರಿಸಿದ. ತಲೆ ಎತ್ತಲಿಲ್ಲ.

ಭಾನುವಾರ ಅಪ್ಪ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿದರು. ಚಿಕ್ಕಸ್ವಾಮಿ ಹೊಸ್ತಿಲಾಚೆಯೇ ನಿಂತಿದ್ದ.

ಹದಿನಾಲ್ಕನೆಯ ನಿಮಿಷ. 

ಅಪ್ಪನ ಭೂತಗನ್ನಡಿ ಆ ಸಾಲಿನ ಮೇಲೆ ನಿಂತಿತು. ಆಮೇಲೆ ಬೆರಳಿನಿಂದ ಸನ್ನೆ ಮಾಡಿದರು. “ಇನ್ನೊಂದ್ಸಲ ಹಾಕಮ್ಮ.”

ಹಾಕಿದಳು. ‘ಒಪ್ಪಿಗೆ ತಾನೆ?’ ಎಂಬ ಅಕ್ಷರದ ಮೇಲೆ, ಆ ದಿನದ ಚಿತ್ರದಲ್ಲಿ, ಏನೂ ಕೇಳಿಸದ ಜಯರಾಮಯ್ಯ ಮಗನ ಮುಖ ನೋಡಿ ನಗುತ್ತಾ ತಲೆ ಆಡಿಸಿದ್ದರು!

“ನಾನು ಅವನ ಮುಂದೆ ಆಗಲೇ ತಲೆ ಆಡಿಸಿದ್ದೀನಲ್ಲಮ್ಮ...” ಮುದುಕನ ದನಿ ಒಡೆಯಿತು. “ಹೋದ ಮಗನಿಗೆ ಕೊಟ್ಟ ಮಾತು. ತಪ್ಪಬಾರದು. ಆ ಹುಡುಗ ಎಲ್ಲಿ? ಕಣ್ಣು ಹೋಗೋ ಮುಂಚೆ ಒಂದ್ಸಲ ನೋಡ್ತೀನಿ.”

ಪ್ರಜ್ಞ ಹೊಸ್ತಿಲಿಗೆ ಬಂದಳು.

“ಯಾಕೆ ಕತ್ತರಿಸಿದ್ರಿ?”

“ಸತ್ತ ಗೆಣೆಕಾರನ ಬಾಯಲ್ಲಿ ನನ್ನಾಸೆ ಹೇಳುಸ್ದಂಗಾಯ್ತದಲ್ವರಾ...”

“ಹಾಗಾದ್ರೆ ನಿಮ್ಮ ಬಾಯಲ್ಲೇ ಹೇಳಿ.”

ಅವನು ಈಗ ತಲೆ ಎತ್ತಿದ. “ನಿಮ್ ಜೊತೇಲಿ ಬಾಳ್ಬೇಕು ಅಂತ... ಆಸೆ ಕಣ್ರೀ.”

ಅವಳು ಅಳುತ್ತಲೇ ಅವನ ಕೈ ಹಿಡಿದಳು.

“ಇನ್ನೊಂದ್ಸಲ ಹೇಳಿ...”